ಜ್ಯಾಕ್ ಪ್ಲೇಟ್‌ಗಿಂತ ಮೊದಲು ನೀರಿನ ಗೇಜ್ ಹಾಕಿಸಿ

ಮಾನ್ಯ ಸಂಪಾದಕರೇ,

ದೋಣಿ ಇರುವವರು ಸಿಕ್ಕಾಗಲೆಲ್ಲ ಈಗ ಹೈಡ್ರಾಲಿಕ್ ಜ್ಯಾಕ್ ಪ್ಲೇಟಿನದೇ ಮಾತು. ಎಷ್ಟು ಹಾರ್ಸ್‌ಪವರ್ ಇಂಜಿನ್ನಿಗೆ ಆಗುತ್ತದೆ ಎಂದಷ್ಟೇ ಕೇಳಿ ಕೊಂಡು ತರುತ್ತಾರೆ. ನಾನೂ ಹಾಗೇ ತಂದು ಪೆಟ್ಟು ತಿಂದವನು. ಅದಕ್ಕೇ ಈ ಪತ್ರ.

ಇದು ದೋಣಿಯ ಹಿಂಬದಿ ಹಲಗೆಗೂ ಔಟ್‌ಬೋರ್ಡ್ ಇಂಜಿನ್ನಿಗೂ ನಡುವೆ ಕೂರುವ ಚೌಕಟ್ಟು. ಸ್ವಿಚ್ ಒತ್ತಿದರೆ ಎಣ್ಣೆಯ ಒತ್ತಡದಿಂದ ಇಂಜಿನ್ ನೆಟ್ಟಗೆ ಏಳುತ್ತದೆ, ಇಳಿಯುತ್ತದೆ. ಟ್ರಿಮ್ ಬದಲಿಸುವುದು ಇಂಜಿನ್ನಿನ ಓರೆಯನ್ನು, ಇದು ಬದಲಿಸುವುದು ಎತ್ತರವನ್ನು. ಆಳ ಕಮ್ಮಿ ಇರುವಲ್ಲಿ ಪ್ರೊಪೆಲ್ಲರ್ ಉಳಿಯುತ್ತದೆ. ಗೇರ್‌ಕೇಸ್, ಅಂದರೆ ಪ್ರೊಪೆಲ್ಲರ್ ಕೂರುವ ಇಂಜಿನ್ನಿನ ಕೆಳಭಾಗ, ಮೇಲೆ ಬಂದಷ್ಟೂ ನೀರಿನ ತಡೆ ಕಮ್ಮಿಯಾಗಿ ವೇಗವೂ ಸ್ವಲ್ಪ ಸಿಗುತ್ತದೆ.

ಆ ವೇಗದ ಆಸೆಗೆ ನಾನು ಎತ್ತುತ್ತಲೇ ಹೋದೆ. ಇಂಜಿನ್ ತಂಪಾಗಲು ನೀರು ಎಳೆದುಕೊಳ್ಳುವ ತೂತುಗಳು ಕೆಳಗೆ ಗೇರ್‌ಕೇಸಿನಲ್ಲೇ ಇರುತ್ತವೆ. ಅವು ನೀರಿನಿಂದ ಮೇಲೆ ಬಂದು ಗಾಳಿ ಎಳೆಯತೊಡಗಿದವು. ನೀರಿನ ಒತ್ತಡ ತೋರಿಸುವ ಗೇಜ್ ನನ್ನ ದೋಣಿಯಲ್ಲಿ ಇರಲಿಲ್ಲ. ಇಂಜಿನ್ ಬಿಸಿಯಾಗಿದೆ ಎಂದು ಬಜರ್ ಕೂಗುವ ಹೊತ್ತಿಗೆ, ನೀರೆಳೆಯುವ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರ (ಇಂಪೆಲ್ಲರ್) ಹಾಳಾಗಿತ್ತು. ಜೊತೆಗೆ ಮಗಳಿದ್ದಳು. ದಡ ಸೇರುವ ತನಕ ಇಬ್ಬರೂ ಹುಟ್ಟು ಹಾಕಿದೆವು. ಅವಳ ಅಂಗೈಯ ಬೊಬ್ಬೆಗಳನ್ನು ನಾನು ಮರೆತಿಲ್ಲ.

ಇನ್ನು ತೂಕ. ಹಾರ್ಸ್‌ಪವರ್ ಒಂದೇ ಆದರೂ ಫೋರ್ ಸ್ಟ್ರೋಕ್ ಇಂಜಿನ್ ಹಳೆಯ ಟು ಸ್ಟ್ರೋಕಿಗಿಂತ ಸಾಮಾನ್ಯವಾಗಿ ಭಾರ. ಪ್ಲೇಟ್ ಎಷ್ಟು ಕಿಲೋ ತಡೆಯುತ್ತದೆ ಅನ್ನುವುದನ್ನೂ ಕೇಳಬೇಕು. ಮೇಲಾಗಿ ಅದು ಇಂಜಿನ್ನನ್ನು ಹಿಂದಕ್ಕೂ ತಳ್ಳುತ್ತದೆ. 4 ಇಂಚಿನಿಂದ 12 ಇಂಚಿನವರೆಗೂ ಹಿಂದೆ ಹೋಗುವ ಪ್ಲೇಟುಗಳಿವೆ. ತುಂಬಿದ ಕೊಡವನ್ನು ಕೈ ಚಾಚಿ ಹಿಡಿದರೆ ಭಾರ ಜಾಸ್ತಿ ಅನ್ನಿಸುತ್ತದೆ ಅಲ್ವಾ, ಹಲಗೆಗೂ ಹಾಗೇ. ಸಣ್ಣ ದೋಣಿಯಾದರೆ ಹಿಂಭಾಗ ನೀರಿಗೆ ಕುಸಿಯುತ್ತದೆ. ನನ್ನದಕ್ಕೆ 6 ಇಂಚು ಧಾರಾಳವಾಗಿ ಸಾಕಾಗಿದೆ.

ಫೈಬರ್ ದೋಣಿಯಲ್ಲಿ ಹಲಗೆಯೊಳಗಿನ ಮರ ಕೊಳೆತಿದ್ದರೆ ಹೊರಗೆ ಕಾಣುವುದಿಲ್ಲ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಸದ್ದು ಮಂಕಾಗಿ ಬಂದರೆ ಮೊದಲು ಹಲಗೆ ಸರಿಮಾಡಿಸಿ, ಪ್ಲೇಟ್ ಆಮೇಲೆ. ಸ್ಟೀರಿಂಗ್ ಕೇಬಲ್, ಪೆಟ್ರೋಲ್ ಪೈಪ್ ಉದ್ದ ಸಾಲುತ್ತವಾ ಅಂತಲೂ ನೋಡಿಕೊಳ್ಳಿ.

ಯಾವಾಗಲೂ ಆಳದ ನೀರಲ್ಲೇ ಓಡಾಡುವವರಿಗೆ ಹೈಡ್ರಾಲಿಕ್ ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಮ್ಮೆ ಎತ್ತರ ಹೊಂದಿಸಿ ಬೋಲ್ಟ್ ಬಿಗಿಯುವ ಪ್ಲೇಟ್ ಸಾಕು. ಸುಮ್ನೆ ಪಂಪು, ವೈರು, ಎಣ್ಣೆ ಸೋರಿಕೆ ಯಾಕೆ?

ಮಾರುವವರಲ್ಲಿ ನನ್ನದೊಂದು ಕೋರಿಕೆ. ಗಿರಾಕಿ ಬಂದು ಪ್ಲೇಟ್ ಕೇಳಿದಾಗ, ದೋಣಿಯಲ್ಲಿ ನೀರಿನ ಗೇಜ್ ಇದೆಯಾ ಎಂದು ಒಂದು ಮಾತು ಕೇಳಿ. ನನ್ನನ್ನು ಆವತ್ತು ಯಾರೂ ಕೇಳಲಿಲ್ಲ.

ಇಂತಿ,
ಒಬ್ಬ ದೋಣಿ ಮಾಲೀಕ