ಹಾಲಿನ ಪರೀಕ್ಷೆ ಸಂಘದ ಕಟ್ಟೆಯಲ್ಲೇ ಆಗಲಿ: ಧಾರವಾಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಆಹಾರ ಸುರಕ್ಷತೆಯ ಜಿಲ್ಲಾ ಸಲಹಾ ಸಮಿತಿಗೆ ತಾವೇ ಅಧ್ಯಕ್ಷರು, ಅದಕ್ಕೆ ಈ ಪತ್ರ. ಹಾಲಿನಲ್ಲಿ ಉಳಿದ ಆ್ಯಂಟಿಬಯಾಟಿಕ್ ಅಂಶವನ್ನು ಹುಬ್ಬಳ್ಳಿಯ ಅಂಗಡಿಗಳಲ್ಲಿ ಪ್ಯಾಕೆಟ್ ಹಿಡಿದು ಹುಡುಕುವುದರಿಂದ ಹೆಚ್ಚು ಉಪಯೋಗವಿಲ್ಲ. ಅಷ್ಟೊತ್ತಿಗೆ ಎಷ್ಟೋ ಊರುಗಳ ಹಾಲು ಒಂದಾಗಿರುತ್ತದೆ. ಔಷಧ ಸಿಕ್ಕರೂ ಯಾರ ಕೊಟ್ಟಿಗೆಯದೆಂದು ಗೊತ್ತಾಗದು. ಸ್ಯಾಂಪಲ್ ತೆಗೆಯಬೇಕಾದದ್ದು ಹಳ್ಳಿಯ ಹಾಲು ಸಂಘದಲ್ಲಿ, ಕ್ಯಾನ್ ಬಿಎಂಸಿಗೆ, ಅಂದರೆ ಎಲ್ಲರ ಹಾಲು ಕೂಡಿಸಿ ತಂಪಾಗಿಡುವ ದೊಡ್ಡ ತೊಟ್ಟಿಗೆ, ಸುರಿಯುವ ಮುಂಚೆ.

ಔಷಧ ಹಾಲಿಗೆ ಇಳಿಯುವುದು ಹೆಚ್ಚಾಗಿ ಕೆಚ್ಚಲು ಬಾವಿನ ಚಿಕಿತ್ಸೆಯಿಂದ. ಮೊಲೆಯೊಳಗೆ ಟ್ಯೂಬ್ ಏರಿಸಿ, ಸೂಜಿ ಮಾಡಿಸಿದ ಮೇಲೆ ಎಷ್ಟು ದಿನ ಹಾಲು ಮಾರಬಾರದೆಂದು ಔಷಧದ ಲೇಬಲ್ ಹೇಳಬೇಕು. ಹೇಳದಿದ್ದರೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಇದು 2012ರ ಕೇಂದ್ರ ಅಧಿಸೂಚನೆ. ಆಕಳು ಗುಣವಾದಂತೆ ಕಂಡರೂ ಔಷಧ ಪೂರ್ತಿ ಇಳಿದಿರುವುದಿಲ್ಲ. ಚಿಕಿತ್ಸೆಯ ದಿನಾಂಕಕ್ಕೆ ಸಂಘದ ದಪ್ತರದಲ್ಲಿ ಒಂದು ಕಾಲಂ ಹಾಕಿಸಿ.

ಸಂಘದಲ್ಲಿ ಪಟ್ಟಿ (ಸ್ಟ್ರಿಪ್) ಪರೀಕ್ಷೆ ಸಾಕು. ಸಾಮಾನ್ಯ ಕಿಟ್‌ನಲ್ಲಿ 0.2 ಮಿ.ಲೀ. ಹಾಲು, 40 ಡಿಗ್ರಿ ಕಾವು, ಸುಮಾರು 10 ನಿಮಿಷ. ಎಡವುವುದು ಫಲಿತಾಂಶ ಓದುವಾಗ: ಗರ್ಭ ಪರೀಕ್ಷೆಯ ಪಟ್ಟಿಗೆ ಇದು ಪೂರಾ ಉಲ್ಟಾ. ಪರೀಕ್ಷೆಯ ಗೆರೆ ಮಸುಕಾದರೆ ಅಥವಾ ಮೂಡದಿದ್ದರೆ ಔಷಧ ಇದೆ ಎಂದರ್ಥ. ಪಟ್ಟಿ ಸರಿಯಾಗಿ ಕೆಲಸ ಮಾಡಿದೆಯೆಂದು ತೋರಿಸುವ ಕಂಟ್ರೋಲ್ ಗೆರೆಯೇ ಇಲ್ಲದಿದ್ದರೆ ಆ ಪಟ್ಟಿ ಎಸೆದು ಇನ್ನೊಂದು ಹಚ್ಚಬೇಕು.

ಡೇರಿ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಬಹುದು. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾ ಇರುವ ನೇರಳೆ ಬಣ್ಣದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲೆ 0.1 ಮಿ.ಲೀ. ಹಾಲು ಹಾಕಿ 64 ಡಿಗ್ರಿಯಲ್ಲಿ ಸುಮಾರು 3 ತಾಸು ಇಟ್ಟರೆ, ಔಷಧ ಇಲ್ಲದ ಹಾಲಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಹುಳಿಯಾಗಿ ನೇರಳೆ ಬಣ್ಣ ಹಳದಿಗೆ ತಿರುಗುತ್ತದೆ. ನೇರಳೆಯಾಗಿಯೇ ಉಳಿದರೆ ಅನುಮಾನ. ಪೆನಿಸಿಲಿನ್ ಗುಂಪನ್ನು ಇದು ಚೆನ್ನಾಗಿ ಹಿಡಿಯುತ್ತದೆ, ಕ್ವಿನೊಲೋನ್ ಗುಂಪಿನ ಎನ್ರೋಫ್ಲಾಕ್ಸಸಿನ್ ಅನ್ನು ಬಹುತೇಕ ಬಿಟ್ಟುಬಿಡುತ್ತದೆ. ಆ ಔಷಧ ಕಾಯಿಸಿದರೂ ಹೋಗುವಂಥದ್ದಲ್ಲ. ಪೇಢೆಯ ಊರಿನಲ್ಲಿ ಹಾಲು ಬತ್ತಿಸಿ ಖವಾ ಮಾಡುವಾಗ ನೀರು ಹೋಗುತ್ತದೆ, ಔಷಧ ಸಾಂದ್ರವಾಗುತ್ತದೆ. ಆದ್ದರಿಂದ ಬೀಟಾ-ಲ್ಯಾಕ್ಟಮ್ (ಪೆನಿಸಿಲಿನ್ ಗುಂಪು), ಟೆಟ್ರಾಸೈಕ್ಲಿನ್ ಜೊತೆಗೆ ಕ್ವಿನೊಲೋನ್ ಕೂಡ ಹಿಡಿಯುವ ಪಟ್ಟಿಯನ್ನೇ ಟೆಂಡರ್‌ನಲ್ಲಿ ಕೇಳಿ. ಅಗ್ಗದ್ದು ಕೊಂಡರೆ ಆ ಹಣ ನೀರಿಗೆ ಹಾಕಿದಂತೆ.

ಇನ್ನೊಂದು ವಿಷಯ ಅಧಿಕಾರಿಗಳಿಗೆ ಬರಹದಲ್ಲೇ ತಿಳಿಸಿ. ಹಾಲಿನ ಸ್ಯಾಂಪಲ್ ಕೆಡದಿರಲೆಂದು ಹಾಕುವ ಫಾರ್ಮಾಲಿನ್ ಆ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಶುದ್ಧ ಹಾಲೂ ನೇರಳೆಯಾಗಿಯೇ ಉಳಿದು ತಪ್ಪಿಲ್ಲದ ರೈತ ಸಿಕ್ಕಿಬೀಳುತ್ತಾನೆ. ಈ ಪರೀಕ್ಷೆಯ ಸ್ಯಾಂಪಲ್‌ಗೆ ಏನನ್ನೂ ಬೆರೆಸದೆ ಬರ್ಫದ ಡಬ್ಬಿಯಲ್ಲಿ 4 ಡಿಗ್ರಿ ಆಸುಪಾಸಿನಲ್ಲಿ ಸಾಗಿಸಬೇಕು. ಗಿಣ್ಣದ ಹಾಲು, ಬಾವಿನ ಹಾಲಿನಲ್ಲಿ ಸಹಜವಾಗಿರುವ ಅಂಶಗಳೂ ಹೀಗೇ ಮೋಸ ಮಾಡುತ್ತವೆ. ಆ ಅಂಶಗಳು ನಿಷ್ಕ್ರಿಯವಾಗಲೆಂದು ಹಾಲನ್ನು 80 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ ಮತ್ತೆ ನೋಡಬೇಕು. ಕ್ರಮ ಕೈಗೊಳ್ಳುವುದು ಔಷಧ ಯಾವುದು, ಎಷ್ಟಿದೆ ಎಂದು ನಿಖರವಾಗಿ ಅಳೆಯುವ ಎಲ್‌ಸಿ-ಎಂಎಸ್/ಎಂಎಸ್ ಯಂತ್ರ ದೃಢಪಡಿಸಿದ ಮೇಲೆಯೇ.

ದಂಡದಿಂದ ಶುರು ಮಾಡಬೇಡಿ. ಚಿಕಿತ್ಸೆ ಮಾಡಿಸಿದ್ದನ್ನು ತಾನಾಗಿ ಹೇಳಿ ಹಾಲು ಚೆಲ್ಲಿದವನಿಗೆ ಆ ದಿನಗಳ ದರದಲ್ಲಿ ಒಂದು ಪಾಲು ಸಿಗಲಿ. ಇಲ್ಲದಿದ್ದರೆ ಆ ಹಾಲು ಪಟ್ಟಿಯೂ ದಪ್ತರವೂ ಇಲ್ಲದೆ ಮನೆಮನೆಗೆ ಹಾಲು ಹಾಕುವ ವರ್ತನೆಯವರ ಕ್ಯಾನಿಗೆ ಹೋಗುತ್ತದೆ.

ಇಂತಿ,
ಹಾಲು ಪರೀಕ್ಷೆ ಮತ್ತು ಪಶುಚಿಕಿತ್ಸೆಯ ಕೆಲಸದಲ್ಲಿರುವವರು