ಒಂದು ಹಾಳೆ, ಎರಡು ಊರು

ಪ್ರೀತಿಯ ತಂಗೀ,

ಗಗಾವುಜರ ಬಗ್ಗೆ ನೀನು ಬರೆದ ಕರಡು ಓದಿದೆ. ಅವರ ಮೂಲ ಯಾವುದು ಎಂಬ ಜಗ್ಗಾಟಕ್ಕೇ ಮೂರು ಪುಟ ಹೋಗಿದೆ. ತುರ್ಕಿ ಬಳಗದ ಭಾಷೆಯಾಡುವ ಆರ್ಥಡಾಕ್ಸ್ ಕ್ರೈಸ್ತರು ಎಂದಷ್ಟೇ ಹೇಳಿ ಮುಂದೆ ಸಾಗು. ಮೂಲದ ವಾದಕ್ಕೆ ಕೊನೆಯಿಲ್ಲ, ಗಡಿಗಳಿಗಾದರೆ ತಾರೀಖು ಉಂಟು.

ಹಾಳೆಯ ಮೇಲೆ ಎರಡು ಕಲಂ ಹಾಕು: ಕೊಮ್ರಾತ್, ವುಲ್ಕನೆಷ್ಟ್. ಎರಡೂ ಈಗ ಮೊಲ್ಡೋವಾದ ಗಗಾವುಜಿಯಾ ಸ್ವಾಯತ್ತ ಪ್ರದೇಶದ ಊರುಗಳೇ. 1812ರ ಬುಖಾರೆಸ್ಟ್ ಒಪ್ಪಂದದಲ್ಲಿ ಎರಡೂ ಕಡೆಯ ನೆಲ ಒಟ್ಟೋಮನ್ನರ ಕೈತಪ್ಪಿ ರಷ್ಯಾದ ಪಾಲಾಯಿತು. ನೊಗಾಯ್‌ಗಳು (ಅಲ್ಲಿದ್ದ ಅಲೆಮಾರಿ ತುರ್ಕಿ ಜನ) ತೆರವು ಮಾಡಿದ ಬುಜಾಕ್ ಹುಲ್ಲುಗಾವಲಿಗೆ, ಅಂದರೆ ಈ ದಕ್ಷಿಣದ ಬಯಲಿಗೆ, ಗಗಾವುಜರು ಡ್ಯಾನ್ಯೂಬ್ ನದಿಯ ಆಚೆಯಿಂದ ಬಲ್ಗೇರಿಯನ್ನರ ಜೊತೆ ಬಂದು ನೆಲೆಸಿದರು. ಎಡವುವುದು 1856ರಲ್ಲಿ. ಕ್ರಿಮಿಯಾ ಯುದ್ಧ ಸೋತ ರಷ್ಯಾ ಪ್ಯಾರಿಸ್ ಒಪ್ಪಂದದಂತೆ ಡ್ಯಾನ್ಯೂಬ್ ದಂಡೆ ಬಿಡಬೇಕಾಯಿತು. ವುಲ್ಕನೆಷ್ಟ್ ಆಗಿನ ಮೊಲ್ಡಾವಿಯಾ ಸಂಸ್ಥಾನಕ್ಕೆ (ಇಂದಿನ ಮೊಲ್ಡೋವಾ ದೇಶವಲ್ಲ) ಹೋಯಿತು, ಕೊಮ್ರಾತ್ ತ್ಸಾರ್‌ನ ಕೈಯಲ್ಲೇ ಉಳಿಯಿತು. 1878ರ ಬರ್ಲಿನ್ ಒಪ್ಪಂದದವರೆಗೂ ಹಾಗೆಯೇ. 'ಗಗಾವುಜರು 1856ರಲ್ಲಿ ಮೊಲ್ಡಾವಿಯಾ ಸೇರಿದರು' ಎಂಬ ನಿನ್ನ ಸಾಲು ಕೊಮ್ರಾತಿನವರ ಮಟ್ಟಿಗೆ ಸುಳ್ಳು.

1918 ರೊಮೇನಿಯಾ, 1940 ಸೋವಿಯತ್, 1941 ಪುನಃ ರೊಮೇನಿಯಾ, 1944 ಪುನಃ ಸೋವಿಯತ್. ಇಲ್ಲಿ ಎರಡು ಕಲಮಿಗೂ ಒಂದೇ ಬರಹ. ಆದರೆ 1940ರಲ್ಲೇ ದಕ್ಷಿಣ ಬುಜಾಕನ್ನು ಸೋವಿಯತ್ ಒಕ್ಕೂಟದೊಳಗೇ ಉಕ್ರೇನಿಗೆ ಕೊಟ್ಟದ್ದನ್ನು ಬಿಡಬೇಡ. ಆಗ ಅದು ಮನೆಯೊಳಗಿನ ಗೋಡೆ, 1991ರಲ್ಲಿ ಅದೇ ದೇಶದ ಗಡಿಯಾಯಿತು. ಉಕ್ರೇನಿನ ಒಡೆಸ್ಸಾ ಪ್ರಾಂತ್ಯದ ಗಗಾವುಜ್ ಹಳ್ಳಿಗಳು ಆಚೆ ಉಳಿದವು.

ಇಂದಿನ ನಕ್ಷೆ ಏಕೆ ಚೂರುಚೂರು ಎಂದು ಓದುಗರು ಕೇಳಿಯೇ ಕೇಳುತ್ತಾರೆ. 1994ರ ಡಿಸೆಂಬರ್ 23ರ ಕಾನೂನಿನಂತೆ ಗಗಾವುಜರು ಅರ್ಧಕ್ಕಿಂತ ಹೆಚ್ಚಿರುವ ಊರು ಸ್ವಾಯತ್ತ ಪ್ರದೇಶಕ್ಕೆ ನೇರ ಸೇರ್ಪಡೆ. ಕಡಿಮೆ ಇದ್ದರೆ, ಮತದಾರರಲ್ಲಿ ಮೂರನೇ ಒಂದು ಪಾಲು ಕೇಳಿದಾಗ ಜನಮತ. ಊರೂರೇ ಎಣಿಸಿ ಸೇರಿಸಿದ್ದರಿಂದ ನೆಲ ಒಂದಕ್ಕೊಂದು ಅಂಟಲಿಲ್ಲ.

ತಾರೀಖಿನಲ್ಲಿ ಜಾಗ್ರತೆ. ಬುಖಾರೆಸ್ಟ್ ಒಪ್ಪಂದ ಹಳೆಯ (ಜೂಲಿಯನ್) ಪಂಚಾಂಗದಲ್ಲಿ ಮೇ 16, ಹೊಸದರಲ್ಲಿ (ಗ್ರೆಗೋರಿಯನ್) ಮೇ 28. ಹತ್ತೊಂಬತ್ತನೇ ಶತಮಾನಕ್ಕೆ 12 ದಿನ ಕೂಡಿಸು, ಇಪ್ಪತ್ತನೆಯದಕ್ಕೆ 13. ಊರ ಹೆಸರನ್ನೂ ಒಂದೇ ಕಾಗುಣಿತದಲ್ಲಿ ಹುಡುಕಬೇಡ. ರೊಮೇನಿಯನ್ ಕಡತದ ವುಲ್ಕನೆಷ್ಟ್ ಗಗಾವುಜರ ಬಾಯಲ್ಲಿ ವಲ್ಕಾನೆಷ್. ಅವರ ಭಾಷೆಗೇ 1957ರಲ್ಲಿ ಅಧಿಕೃತ ಸಿರಿಲಿಕ್ ಲಿಪಿ ಬಂತು, ತೊಂಬತ್ತರ ದಶಕದಲ್ಲಿ ಲ್ಯಾಟಿನ್. ಪಾದ್ರಿ ಮಿಹಾಯಿಲ್ ಚಾಕಿರ್ 1930ರ ದಶಕದಲ್ಲಿ ಗಗಾವುಜ್ ಭಾಷೆಯಲ್ಲಿ ಅಚ್ಚು ಹಾಕಿಸಿದ್ದು ರೊಮೇನಿಯನ್ ಕಾಗುಣಿತದಲ್ಲಿ.

ಇನ್ನೊಂದು, ಮರೆತಿದ್ದೆ. ಅವರ ಪ್ರಾರ್ಥನೆಯಲ್ಲಿ 'ಅಲ್ಲಾಹ್' ಎಂದು ಕಂಡೊಡನೆ ಮುಸ್ಲಿಮರೆಂದು ಬರೆದುಬಿಟ್ಟೀಯ. ಕ್ರೈಸ್ತ ದೇವರಿಗೂ ಅವರಲ್ಲಿ ಅದೇ ಪದ.