ದಾನಿಗಳು ಬಂದಾಗ ನಮ್ಮ ಪರವಾಗಿ ಇದನ್ನು ಕೇಳಿ: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಎಣ್ಮಕಜೆ ಕಡೆಯವಳು. ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತಳಾದವಳು. ಈಗ ದೀರ್ಘ ಕಾಯಿಲೆಯವರ ಆರೈಕೆ ಮಾಡುವ ಪಾಲಿಯೇಟಿವ್ ತಂಡದ ಜೊತೆ ಮನೆ ಮನೆಗೆ ಹೋಗುತ್ತೇನೆ. ಹಾಸಿಗೆ ಹಿಡಿದವರನ್ನೂ ಅವರನ್ನು ನೋಡಿಕೊಳ್ಳುವ ತಾಯಂದಿರನ್ನೂ ದಿನವೂ ಕಾಣುತ್ತೇನೆ.

ಹಣಕಾಸು ವರ್ಷ ಮುಗಿಯುವ ಮಾರ್ಚ್ ಹತ್ತಿರ ಬರುತ್ತಿದ್ದಂತೆ ವಿದ್ಯಾನಗರದ ನಿಮ್ಮ ಕಚೇರಿಗೆ ಸಹಾಯ ಮಾಡಬೇಕು ಅನ್ನುವವರು ಜಾಸ್ತಿ ಬರುತ್ತಾರೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗದವರು, ಟ್ರಸ್ಟುಗಳವರು, ಗಲ್ಫಿನಲ್ಲಿ ದುಡಿಯುವ ನಮ್ಮೂರಿನವರ ಸಂಘದವರು. "ಏನು ಬೇಕು ಹೇಳಿ, ಕೊಡುತ್ತೇವೆ" ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಆಗ ನೀವು ಏನು ಹೇಳುತ್ತೀರಿ ಅನ್ನುವುದು ನಮಗೆ ಬಹಳ ಮುಖ್ಯ. ಯಾಕೆಂದರೆ ಆ ಮಾತಿನ ಮೇಲೆಯೇ ಮುಂದಿನ ವರ್ಷ ನಮ್ಮ ಪಂಚಾಯತುಗಳಿಗೆ ಏನು ಬರುತ್ತದೆ ಎಂಬುದು ನಿಂತಿರುತ್ತದೆ.

ಈಗ ಹೆಚ್ಚಾಗಿ ಬರುವುದು ವಸ್ತುಗಳು. ಗಾಲಿಕುರ್ಚಿ, ಮಂಚ, ವ್ಯಾನು, ಹೊಸ ಕಟ್ಟಡ. ಅವು ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ವ್ಯಾನಿಗೆ ಡ್ರೈವರ್ ಬೇಕು, ಡೀಸೆಲ್ ಬೇಕು, ವರ್ಷ ವರ್ಷ ಇನ್ಶೂರೆನ್ಸ್ ಕಟ್ಟಬೇಕು. ಥೆರಪಿ ಕೋಣೆಗೆ ಥೆರಪಿಸ್ಟ್ ಬೇಕು. ಅದಕ್ಕೆ ಯಾರೂ ಹಣ ಕೊಡುವುದಿಲ್ಲ. ಒಂದು ಕಡೆ ದಾನವಾಗಿ ಬಂದ ಥೆರಪಿ ಉಪಕರಣಗಳು ಪ್ಲಾಸ್ಟಿಕ್ ಹೊದಿಕೆಯಲ್ಲೇ ಇದ್ದದ್ದನ್ನು ನಾನು ನೋಡಿದ್ದೇನೆ. ಬಳಸಲು ಗೊತ್ತಿದ್ದವರು ಅಲ್ಲಿರಲಿಲ್ಲ. ಆ ಕೋಣೆಯ ಪಕ್ಕದಲ್ಲೇ ಕಾಲು ಬಿಗಿದುಕೊಂಡ ಮಕ್ಕಳು ಕೂತಿದ್ದರು.

ನಮ್ಮ ಕಡೆಯ ಕತೆ ನಿಮಗೆ ಗೊತ್ತಿರುವುದೇ. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದು ಗುಡ್ಡೆಯ ಮೇಲಿನ ಗೇರಿಗೆ ಬಿದ್ದಂತೆ ಕೆಳಗಿನ ಮನೆ, ಕೆರೆ, ತೋಡಿಗೂ ಬಿತ್ತು. ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ನಿಲ್ಲಿಸಿದ್ದು 2011ರಲ್ಲಿ. ಅದರಿಂದ ಕಾಯಿಲೆ, ಅಂಗವೈಕಲ್ಯಕ್ಕೆ ಗುರಿಯಾದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಿ ಎಂದು ಅದೇ ಕೋರ್ಟು 2017ರ ಜನವರಿಯಲ್ಲಿ ಹೇಳಿತು. 2022ರಲ್ಲೂ ಆ ಹಣಕ್ಕಾಗಿ ಜನ ಮತ್ತೆ ಕೋರ್ಟಿನಲ್ಲೇ ನಿಲ್ಲಬೇಕಾಯಿತು. ಪರಿಹಾರ ಸರ್ಕಾರದ ಹೊಣೆ. ಅದನ್ನು ದಾನಿಗಳ ಹೆಗಲಿಗೆ ಹಾಕಬಾರದು. ಆದರೆ ಪರಿಹಾರ ಸಿಕ್ಕಿದ ಮೇಲೂ ಆ ಮಗುವಿಗೆ ನಾಳೆ ಬೆಳಗ್ಗೆ ಕೈಕಾಲು ಆಡಿಸುವವರು ಬೇಕಲ್ಲ? ದಾನಿಗಳು ನೆರವಾಗಬಹುದಾದ ಜಾಗ ಅಲ್ಲಿದೆ.

ಫಿಸಿಯೋಥೆರಪಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ನಾಯು ಬಿಗಿಯಾಗಿರುವ ಮಗುವಿಗೆ ವಾರಕ್ಕೆ ಇಷ್ಟು ಸಲ ಎಂದು ತಪ್ಪದೆ ವ್ಯಾಯಾಮ ಮಾಡಿಸಬೇಕು. ಮಾಡಿಸುತ್ತಾ ಹೋದರೆ ಮಗು ಆತುಕೊಂಡು ಕೂರಲು ಕಲಿಯಬಹುದು, ತಾಯಿಗೆ ಬಟ್ಟೆ ಬದಲಿಸುವುದು ಸುಲಭವಾಗಬಹುದು. ನಿಲ್ಲಿಸಿದರೆ ಗಂಟುಗಳು ಮತ್ತೆ ಬಿಗಿಯುತ್ತವೆ. ಕೆಲವು ಸಲ ಮೊದಲಿಗಿಂತ ಕಷ್ಟವಾಗುತ್ತದೆ. ಹಾಗಾಗಿ ಒಂದು ವರ್ಷ ಹಣ ಕೊಟ್ಟು, ಫೋಟೋ ತೆಗೆದು, ಮರುವರ್ಷ ಬೇರೆ ಜಿಲ್ಲೆಗೆ ಹೋಗುವ ಯೋಜನೆಯಿಂದ ಅರ್ಧ ಫಲವೂ ಉಳಿಯುವುದಿಲ್ಲ. ಮಗುವಿನ ಮೈ ಹಣಕಾಸು ವರ್ಷದ ಲೆಕ್ಕಕ್ಕೆ ಸಿಗುವುದಿಲ್ಲ.

ಗಾಲಿಕುರ್ಚಿಯ ವಿಷಯವೂ ಹೀಗೇ. ಒಂದೇ ಅಳತೆಯ ಐವತ್ತು ಕುರ್ಚಿ ತಂದು ಹಂಚಿದರೆ ಬೆನ್ನು ಬಾಗಿದ ಹುಡುಗಿಗೆ ಅದು ಹೊಂದುವುದಿಲ್ಲ. ಬೆಳೆಯುವ ಮಗುವಿಗೆ ಸ್ವಲ್ಪ ಸಮಯದಲ್ಲೇ ಬೇರೆ ಅಳತೆ ಬೇಕು. ಇನ್ನು ನಮ್ಮ ಮನೆಗಳು ಗುಡ್ಡೆಯ ಇಳಿಜಾರಿನಲ್ಲಿವೆ. ಮುರಕಲ್ಲಿನ ಮೆಟ್ಟಿಲು ಇಳಿದು ರಸ್ತೆಗೆ ಬರಬೇಕು. ಅಲ್ಲಿ ಕುರ್ಚಿಗಿಂತ ಮೊದಲು ದಾರಿ ಬೇಕಾಗುತ್ತದೆ. ಇದು ಆ ಮನೆಗೆ ಒಂದು ಸಲ ಹೋದವರಿಗೆ ತಾನೇ ತಿಳಿಯುವ ಸಂಗತಿ. ಕಾಸರಗೋಡು ಪೇಟೆಯ ಹೋಟೆಲಿನಲ್ಲಿ ನಡೆಯುವ ಸಭೆಯಲ್ಲಿ ತಿಳಿಯುವುದಿಲ್ಲ.

ಕಂಪನಿಯವರು ಸಾಮಾನ್ಯವಾಗಿ ಎರಡು ಕಾರಣ ಹೇಳುತ್ತಾರೆ. ಕಾನೂನಿನ ಪ್ರಕಾರ ವರ್ಷದೊಳಗೆ ಖರ್ಚು ಮಾಡಬೇಕು ಅನ್ನುವುದು ಒಂದು. ಸಂಬಳಕ್ಕೆ ಹಣ ಕೊಡಲಾಗುವುದಿಲ್ಲ, ಆಡಳಿತ ವೆಚ್ಚಕ್ಕೆ 5 ಶೇಕಡದ ಮಿತಿ ಇದೆ ಅನ್ನುವುದು ಇನ್ನೊಂದು. ದಯವಿಟ್ಟು ಇದನ್ನು ಹಾಗೇ ಒಪ್ಪಿಕೊಳ್ಳಬೇಡಿ. 2013ರ ಕಂಪನಿ ಕಾನೂನಿನ 135ನೇ ಕಲಂ ದೊಡ್ಡ ಕಂಪನಿಗಳು ಸರಾಸರಿ ಲಾಭದ 2 ಶೇಕಡವನ್ನು ಸಮಾಜಕ್ಕೆ ಖರ್ಚು ಮಾಡಬೇಕು ಎನ್ನುತ್ತದೆ. ಆದರೆ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಯುವ ಯೋಜನೆಗೂ ಅದರಲ್ಲಿ ಅವಕಾಶ ಇದೆ. ಉಳಿದ ಹಣವನ್ನು ಬೇರೆ ಖಾತೆಯಲ್ಲಿಟ್ಟು ಅದೇ ಯೋಜನೆಗೆ ಬಳಸಬಹುದು. ಇನ್ನು 5 ಶೇಕಡದ ಮಿತಿ ಇರುವುದು ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತದ ಖರ್ಚಿಗೆ. ಯೋಜನೆಯನ್ನು ನೇರವಾಗಿ ನಡೆಸುವ ಖರ್ಚು ಅದರಲ್ಲಿ ಸೇರುವುದಿಲ್ಲ. ಮಗುವಿಗೆ ಥೆರಪಿ ಕೊಡುವವರ ಸಂಬಳವೇ ಆ ಯೋಜನೆ, ಅಲ್ವಾ? ಈ ಮಾತನ್ನು ನಾನು ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನೀವು ಹೇಳಿದರೆ ಕೇಳುತ್ತಾರೆ.

ಅದೇ ಕಾನೂನು ಕಂಪನಿ ಇರುವ ಊರಿಗೆ ಮೊದಲ ಆದ್ಯತೆ ಕೊಡಿ ಎನ್ನುತ್ತದೆ. ದೊಡ್ಡ ಕಾರ್ಖಾನೆಗಳು ಹೆಚ್ಚಿಲ್ಲದ ನಮ್ಮಂಥ ಜಿಲ್ಲೆಗೆ ಇದರಿಂದ ಬರುವುದೇ ಕಡಿಮೆ. ಬರುವ ಸ್ವಲ್ಪ ಹಣ ಸರಿಯಾದ ಜಾಗಕ್ಕೆ ಹೋಗಲಿ ಎಂದು ಇಷ್ಟು ಒತ್ತಾಯ ಮಾಡುತ್ತಿದ್ದೇನೆ.

ದೊಡ್ಡ ದಾನ ಎಷ್ಟು ಬೇಗ ಕೆಲಸಕ್ಕೆ ಬರಬಲ್ಲದು ಎಂದು 2020ರಲ್ಲಿ ನಾವೇ ನೋಡಿದ್ದೇವೆ. ಕೋವಿಡ್ ಕಾರಣಕ್ಕೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಜನ ಪ್ರಾಣ ಬಿಟ್ಟ ವರ್ಷ ಅದು. ಟಾಟಾ ಸಂಸ್ಥೆಯವರು ನಮ್ಮ ಜಿಲ್ಲೆಯ ತೆಕ್ಕಿಲಿನಲ್ಲಿ ಕಂಟೈನರ್ ಘಟಕಗಳನ್ನು ಜೋಡಿಸಿ ಕೆಲವೇ ತಿಂಗಳಲ್ಲಿ ಕೋವಿಡ್ ಆಸ್ಪತ್ರೆ ಕಟ್ಟಿಕೊಟ್ಟರು. ತುರ್ತಿಗೆ ಕಟ್ಟಿದ್ದು, ತುರ್ತಿನಲ್ಲಿ ಉಪಕಾರಕ್ಕೆ ಬಂತು. ಅದಕ್ಕೆ ನಾವು ಋಣಿಗಳು. ಆದರೆ ಅದು ಶಾಶ್ವತ ಆಸ್ಪತ್ರೆಯಾಗಿ ಉಳಿಯಲಿಲ್ಲ. ಕಟ್ಟುವವರು ಕಟ್ಟಿ ಹೋದ ಮೇಲೆ ಅದನ್ನು ಯಾರು, ಯಾವ ಹಣದಲ್ಲಿ, ಎಷ್ಟು ವರ್ಷ ನಡೆಸುತ್ತಾರೆ ಎಂಬುದು ಮೊದಲ ದಿನವೇ ಕಾಗದದಲ್ಲಿ ಬರಬೇಕು. ಮುಂದೆ ಬರುವ ಪ್ರತಿ ದಾನಕ್ಕೂ ನೀವು ಇದನ್ನು ಕೇಳಲೇಬೇಕು.

ಚಿಕ್ಕ ಹಣದ ಶಕ್ತಿ ತಿಳಿಯಲು ದೂರ ಹೋಗಬೇಕಿಲ್ಲ. ಮಲಪ್ಪುರಂ ಜಿಲ್ಲೆಯ ಪಾಲಿಯೇಟಿವ್ ಸಂಘಗಳು ಅಂಗಡಿಯ ಡಬ್ಬಿಗೆ ಬಿದ್ದ ಚಿಲ್ಲರೆಯಿಂದ, ಊರಿನವರ ತಿಂಗಳ ವಂತಿಗೆಯಿಂದ ಬೆಳೆದವು. ಹಣ ಕೊಟ್ಟವರೇ ವಾರಕ್ಕೊಮ್ಮೆ ರೋಗಿಯ ಮನೆಗೂ ಹೋದರು. 2008ರಲ್ಲಿ ಕೇರಳ ಸರ್ಕಾರ ಪಾಲಿಯೇಟಿವ್ ನೀತಿ ತರುವಾಗ ಈ ಅನುಭವ ಅದರ ಹಿಂದಿತ್ತು. ನಮ್ಮ ಏತಡ್ಕದ ಕಡೆ ರೈತರು ತೋಡಿಗೆ ಕಟ್ಟ ಹಾಕುವುದೂ ಹೀಗೇ. ಮಳೆ ನಿಂತ ಮೇಲೆ ಎಲ್ಲರೂ ಸೇರಿ ಕಲ್ಲು ಮಣ್ಣು ಹಾಕಿ ನೀರು ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ಅದು ಹೋಗುತ್ತದೆ. ಮತ್ತೆ ಹಾಕುತ್ತಾರೆ. ಇಂಥವರಿಗೆ ಒಂದು ದೊಡ್ಡ ಕಾಂಕ್ರೀಟ್ ಗೋಡೆ ಕಟ್ಟಿಕೊಡುವುದಕ್ಕಿಂತ ಪ್ರತಿ ವರ್ಷದ ಕೂಲಿ ಖರ್ಚಿನ ಒಂದು ಪಾಲು ಕೊಟ್ಟರೆ ಅವರು ಕಟ್ಟ ಹಾಕುವ ಕೆಲಸ ಬಿಡುವುದಿಲ್ಲ. ಎಲ್ಲಿ ಜನ ಮೊದಲೇ ಏನೋ ಮಾಡುತ್ತಿದ್ದಾರೋ ಅಲ್ಲಿಗೆ ಹಣ ಹೋಗಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಲೆಕ್ಕ ಕೇಳುವುದು ತಪ್ಪಲ್ಲ. ಹಣ ಕೊಟ್ಟವರು ಕೇಳಲೇಬೇಕು. ಆದರೆ ಇಂಗ್ಲಿಷಿನ ನಲವತ್ತು ಪುಟದ ಫಾರಂ ತುಂಬಲು ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ಯಾರನ್ನು ಹುಡುಕಬೇಕು? ಮನೆಯಲ್ಲಿ ತುಳು, ಮರಾಠಿ, ಕೊಂಕಣಿ ಮಾತಾಡಿ ಕನ್ನಡ ಓದಿದವರು ಅವರು. ಒಂದು ಪುಟ ಕನ್ನಡದಲ್ಲೋ ಮಲೆಯಾಳದಲ್ಲೋ ಬರೆದುಕೊಡಲಿ. ಯಾವುದು ನಡೆಯಲಿಲ್ಲ, ಯಾಕೆ ನಡೆಯಲಿಲ್ಲ ಎಂದು ಹೆದರದೆ ಬರೆಯುವ ಜಾಗವೂ ಅದರಲ್ಲಿರಲಿ. ಈಗ ಹಾಗೆ ಬರೆದರೆ ಮುಂದಿನ ಕಂತು ನಿಲ್ಲುತ್ತದೆ ಎಂಬ ಹೆದರಿಕೆ. ಹಾಗಾಗಿ ಎಲ್ಲ ವರದಿಯಲ್ಲೂ ಎಲ್ಲವೂ ಚೆನ್ನಾಗಿಯೇ ಇರುತ್ತದೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಎರಡೇ. ಜಿಲ್ಲೆಗೆ ದಾನವಾಗಿ ಬಂದ ವಾಹನ, ಉಪಕರಣ, ಕಟ್ಟಡಗಳು ಈಗ ಯಾವ ಸ್ಥಿತಿಯಲ್ಲಿವೆ ಎಂದು ಪಂಚಾಯತು ಪಂಚಾಯತಾಗಿ ಪಟ್ಟಿ ಮಾಡಿಸಿ, ಎಲ್ಲರೂ ನೋಡುವಂತೆ ಹಾಕಿ. ಹೊಸ ದಾನಿ ಬಂದಾಗ ಆ ಪಟ್ಟಿ ಅವರ ಮುಂದಿಡಿ. ಹೊಸ ವ್ಯಾನಿಗಿಂತ ನಿಂತಿರುವ ವ್ಯಾನಿಗೆ ಮೂರು ವರ್ಷ ಡ್ರೈವರ್ ಸಂಬಳ ಕೊಡುವುದು ಜಾಸ್ತಿ ಉಪಯೋಗ ಎಂದು ಅವರಿಗೇ ಅರ್ಥವಾದೀತು.

ಎರಡನೆಯದು, ದಾನಿಗಳ ಮುಂದಿನ ಸಭೆಯನ್ನು ಕಲೆಕ್ಟರೇಟಿನಲ್ಲಿ ಮಾಡಬೇಡಿ. ವಿಶೇಷ ಮಕ್ಕಳಿಗಾಗಿ ಪಂಚಾಯತು ನಡೆಸುವ ಯಾವುದಾದರೂ ಒಂದು ಬಡ್ಸ್ ಶಾಲೆಯಲ್ಲಿ ಮಾಡಿ. ತಾಯಂದಿರು ಮೊದಲು ಮಾತಾಡಲಿ, ದಾನಿಗಳು ಆಮೇಲೆ. ಕನ್ನಡ, ತುಳು ಬಲ್ಲ ಒಬ್ಬ ಅಧಿಕಾರಿ ಜೊತೆಗಿರಲಿ. ಸಮಯ ಮಾತ್ರ ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರ ಒಳಗೆ ಇಡಿ. ಮಕ್ಕಳು ಶಾಲೆಯಲ್ಲಿರುವ ಆ ಹೊತ್ತು ಬಿಟ್ಟರೆ ತಾಯಂದಿರಿಗೆ ಮನೆಯಿಂದ ಹೊರಡಲು ಆಗುವುದಿಲ್ಲ.

ಇಂತಿ,
ಎಣ್ಮಕಜೆಯ ಒಬ್ಬ ನಿವೃತ್ತ ಟೀಚರ್